ಬಸವನಹುಳುಗಳನ್ನು ಕೊಂದ ನೀರು: ಹವಳದ ಟ್ಯಾಂಕಿನಲ್ಲಿ ನನ್ನ ಅನುಭವ

ಮೈಸೂರಿನ ಕುವೆಂಪುನಗರದಲ್ಲಿರುವ ನಮ್ಮ ಮನೆಯ ಹಜಾರದಲ್ಲಿ ಮೂರಡಿ ಉದ್ದದ ಉಪ್ಪುನೀರಿನ ಟ್ಯಾಂಕೊಂದು ಈಗ ನೆಮ್ಮದಿಯಾಗಿ ನಡೆಯುತ್ತಿದೆ. ಹೋದ ವರ್ಷ ಇದೇ ಟ್ಯಾಂಕನ್ನು ನೋಡಿದ ಮೂವರು ಅನುಭವಿಗಳು, ಹವಳಗಳು ಕೂರುವ ಕಲ್ಲುಗಳನ್ನೆಲ್ಲ ಎಸೆದು ಮೊದಲಿನಿಂದ ಆರಂಭಿಸುವುದೇ ಒಳ್ಳೆಯದೆಂದು ಹೇಳಿದ್ದರು. ಅವರಲ್ಲೊಬ್ಬರು, ಸಮುದ್ರದಿಂದ ಇಷ್ಟು ದೂರ ಕುಳಿತು ಹವಳ ಸಾಕುವುದೇ ಒಂದು ಹುಚ್ಚು ಎಂಬ ಮಾತನ್ನೂ ಸೇರಿಸಿದರು. ನಾನು ಕಲ್ಲು ಎಸೆಯಲಿಲ್ಲ. ಅದೇ 18 ಕಿಲೋ ಕಲ್ಲಿನ ಮೇಲೆ ಇಂದು ಝೋವಾಂಥಿಡ್‌ಗಳು (ಪುಟ್ಟ ಹೂಗಳಂತೆ ಗುಂಪಾಗಿ ಅರಳುವ ಹವಳದ ಬಳಗದ ಜೀವಿಗಳು) ಅರಳಿ ನಿಂತಿವೆ, ಐದು ಟರ್ಬೊ ಎಂಬ ಕಡಲ ಬಸವನಹುಳುಗಳು ಹಗಲುರಾತ್ರಿ ಮೇಯುತ್ತಿವೆ. ಅನುಮಾನಿಸಿದವರಿಗೆ ಉತ್ತರ ಹೇಳಬೇಕೆಂಬ ಆಸೆಯೂ ಇರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಸಂಪ್ (ಟ್ಯಾಂಕಿನ ಕೆಳಗಿನ ಶೋಧಕ ತೊಟ್ಟಿ), ಸ್ಕಿಮ್ಮರ್ (ನೊರೆಯಲ್ಲಿ ಕೊಳೆ ತೆಗೆಯುವ ಸಾಧನ), ಲೈಟುಗಳ ವಿವರ ನಿಮಗೆ ಬೇಕಾಗಿಲ್ಲ. ಎಲ್ಲ ಸೇರಿ ಸುಮಾರು 180 ಲೀಟರ್ ನೀರು ಎಂದಿಟ್ಟುಕೊಳ್ಳಿ. ಯುಗಾದಿಯ ಆಸುಪಾಸಿನಲ್ಲಿ ಒಣಗಲ್ಲು ಹಾಕಿ ನೀರು ತುಂಬಿಸಿದೆ, ಆರು ವಾರ ಸೈಕಲ್ ಆಗಲು, ಅಂದರೆ ಕೊಳೆಯನ್ನು ಕರಗಿಸುವ ಬ್ಯಾಕ್ಟೀರಿಯ ಬೆಳೆಯಲು ಬಿಟ್ಟೆ. ಅಮೋನಿಯ, ನೈಟ್ರೈಟ್ ಎರಡೂ ಸೊನ್ನೆಗಿಳಿದ ಮೇಲೆ ಒಂದು ಜೋಡಿ ಕ್ಲೌನ್ ಮೀನು ಬಿಟ್ಟೆ. ಗಟ್ಟಿ ಹವಳಗಳೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಲ್ಲಿರುವುದರಿಂದ ಅವುಗಳ ತಂಟೆಗೆ ನಾನು ಹೋಗುವುದಿಲ್ಲ. ಹಾಗಾಗಿ ಝೋವಾಂಥಿಡ್, ಮಶ್ರೂಮ್, ಒಂದು ಟೋಡ್‌ಸ್ಟೂಲ್ ಲೆದರ್, ಒಂದು ಹಿಡಿ ಮಿಡಿಯುವ ಝೀನಿಯಾ, ಈ ಮೃದು ಜಾತಿಗಳನ್ನಷ್ಟೇ ತಂದೆ. ಇವಕ್ಕೆ ಸುಮಾರು 7000 ರೂಪಾಯಿ ಆಯಿತು. ಗಾಜಿನ ಪಾಚಿ ಮೇಯಲೆಂದು ಆರು ಟರ್ಬೊಗಳನ್ನು ತಲಾ 250 ರೂಪಾಯಿಗೆ ತರಿಸಿದೆ.

ಮೂರನೆಯ ದಿನವೇ ಒಂದು ಟರ್ಬೊ ಗಾಜಿನಿಂದ ಕಳಚಿ ಬಿದ್ದಿತು. ಮರಳಿನ ಮೇಲೆ ಅಂಗಾತವಾಗಿ ಬಿದ್ದು, ಪಾದವನ್ನು ಅರ್ಧ ಹೊರಗೆ ಚಾಚಿಕೊಂಡು, ಬೆರಳಿನಿಂದ ಮುಟ್ಟಿದರೂ ಬಾಯಿಮುಚ್ಚಳವನ್ನು ಎಳೆದುಕೊಳ್ಳಲಾರದೆ ಇತ್ತು. ಎತ್ತಿ ಗಾಜಿಗೆ ಹಚ್ಚಿದರೆ ಅರ್ಧ ಗಂಟೆ ಅಂಟಿಕೊಂಡಂತೆ ಮಾಡಿ ಮತ್ತೆ ಬಿದ್ದಿತು. ಎರಡು ವಾರದೊಳಗೆ ಆರೂ ಹೋದವು. ಅಷ್ಟರಲ್ಲಿ ಝೋವಾಂಥಿಡ್‌ಗಳು ಮುದುಡತೊಡಗಿದವು, ಝೀನಿಯಾ ಮಿಡಿಯುವುದನ್ನು ನಿಲ್ಲಿಸಿ ಕರಗತೊಡಗಿತು. ಕ್ಲೌನ್ ಮೀನುಗಳು ಮಾತ್ರ ಏನೂ ಆಗಿಲ್ಲವೆಂಬಂತೆ ತಿಂದುಂಡು ಓಡಾಡುತ್ತಿದ್ದವು. ಆ ಒಂದು ಸಂಗತಿಯನ್ನು ಅಂದೇ ಗಂಭೀರವಾಗಿ ಯೋಚಿಸಿದ್ದರೆ ನಾಲ್ಕು ತಿಂಗಳೂ ಸುಮಾರು 20 ಸಾವಿರ ರೂಪಾಯಿಯೂ ಉಳಿಯುತ್ತಿದ್ದವು.

ಮೊದಲು ಉಪ್ಪಿನಂಶದ ಮೇಲೆ ಸಂಶಯ ಬಂತು. ನನ್ನ ಬಳಿಯಿದ್ದದ್ದು ಮುಳ್ಳು ತೂಗಾಡುವ ಪ್ಲಾಸ್ಟಿಕ್ ಹೈಡ್ರೋಮೀಟರ್; ಅದು ನೀರಿನ ಸಾಂದ್ರತೆಯನ್ನು ಕಡಲ ನೀರಿನಂತೆ 1.025 ತೋರಿಸುತ್ತಿತ್ತು. ಬೆಳಕು ಬಾಗುವುದನ್ನು ನೋಡಿ ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರ್ ಕೊಂಡು ನೋಡಿದರೆ 1.021. ಕಳ್ಳ ಸಿಕ್ಕಿದನೆಂದು ಹಿಗ್ಗಿದೆ. ರಿಫ್ರಾಕ್ಟೋಮೀಟರನ್ನು ಶುದ್ಧ ನೀರಿನಲ್ಲಿ ಸೊನ್ನೆಗೆ ಹೊಂದಿಸಿದರೆ ಸಾಲದು, ಕಡಲ ನೀರಿನ ಉಪ್ಪಿನಂಶವಾದ 35ರ (ಕಿಲೋ ನೀರಿಗೆ 35 ಗ್ರಾಂ) ಹತ್ತಿರವೂ ಪರೀಕ್ಷಿಸಬೇಕು. ಅದಕ್ಕೆ ದುಬಾರಿ ದ್ರಾವಣ ಕೊಳ್ಳದೆ, 36.5 ಗ್ರಾಂ ಅಡುಗೆ ಉಪ್ಪನ್ನು 963.5 ಗ್ರಾಂ ಶುದ್ಧ ನೀರಿನಲ್ಲಿ ಕರಗಿಸಿ ಇಟ್ಟುಕೊಂಡೆ. ಅದು 35 ತೋರಿಸಿದರೆ ಉಪಕರಣ ಸರಿಯಿದೆ ಎಂದರ್ಥ. ಚಿನ್ನ ತೂಗುವ ಚಿಕ್ಕ ತಕ್ಕಡಿ ಈ ಕೆಲಸಕ್ಕೆ ಚೆನ್ನಾಗಿ ಒದಗುತ್ತದೆ. ಒಂದು ವಾರದಲ್ಲಿ ನಿಧಾನವಾಗಿ 1.025ಕ್ಕೆ ಏರಿಸಿ ಮತ್ತೆ ನಾಲ್ಕು ಟರ್ಬೊ ತಂದೆ, ಎರಡು ಗಂಟೆ ಹನಿಹನಿಯಾಗಿ ನೀರು ಕೊಟ್ಟು ಒಗ್ಗಿಸಿಯೇ ಬಿಟ್ಟೆ. ಅವೂ ಸತ್ತವು.

ಎರಡನೆಯ ಸಂಶಯ ಡೈನೋಗಳ (ಡೈನೋಫ್ಲಾಜೆಲೇಟ್ ಎಂಬ ಸೂಕ್ಷ್ಮಜೀವಿಗಳ) ಮೇಲೆ. ಮರಳಿನ ಮೇಲೆ ಕಂದು ಪೊರೆ ಬಂದಿತ್ತು, ಮಧ್ಯಾಹ್ನದ ಹೊತ್ತಿಗೆ ಅದರಲ್ಲಿ ಗುಳ್ಳೆಗಳೂ ಕಾಣುತ್ತಿದ್ದವು. ಡೈನೋಗಳಲ್ಲಿ ಕೆಲವು, ಮುಖ್ಯವಾಗಿ ಆಸ್ಟ್ರಿಯಾಪ್ಸಿಸ್, ಬಸವನಹುಳುಗಳಿಗೆ ವಿಷವೆಂಬುದು ನಮಗೆಲ್ಲ ಗೊತ್ತಿರುವುದೇ. ಗಾಬರಿಯಲ್ಲಿ ಮೂರು ದಿನ ಟ್ಯಾಂಕಿಗೆ ಕಪ್ಪು ಬಟ್ಟೆ ಹೊದಿಸಿ ಕತ್ತಲೆ ಮಾಡಿದೆ. ಮೊದಲೇ ಸೊರಗಿದ್ದ ಝೀನಿಯಾ ಆ ಕತ್ತಲೆಯಲ್ಲಿಯೇ ಪೂರ್ತಿ ಹೋಯಿತು. ಆಮೇಲೆ ಬುದ್ಧಿ ಬಂದು, ಒಂದಿಷ್ಟು ಪೊರೆಯನ್ನು ಬಾಟಲಿಯಲ್ಲಿ ಕುಲುಕಿ, ಕಾಫಿ ಸೋಸುವ ಕಾಗದದಲ್ಲಿ ಸೋಸಿ, ಆ ನೀರನ್ನು ಬೆಳಕಿನಲ್ಲಿ ಇಟ್ಟೆ. ಡೈನೋಗಳಾಗಿದ್ದರೆ ಒಂದು ಗಂಟೆಯೊಳಗೆ ಮತ್ತೆ ಎಳೆಎಳೆಯಾಗಿ ಕೂಡಿಕೊಳ್ಳಬೇಕಿತ್ತು. ಸಂಜೆಯವರೆಗೂ ನೀರು ತಿಳಿಯಾಗಿಯೇ ಇತ್ತು. ಅದು ಹೊಸ ಟ್ಯಾಂಕುಗಳಲ್ಲಿ ಬಂದು ಹೋಗುವ ಸಾಮಾನ್ಯ ಡಯಾಟಮ್ ಎಂಬ ಕಂದು ಪಾಚಿ. ಪರೀಕ್ಷೆ ಮೊದಲು, ಚಿಕಿತ್ಸೆ ಆಮೇಲೆ ಮಾಡಿದ್ದರೆ ಝೀನಿಯಾ ಉಳಿಯುತ್ತಿತ್ತೋ ಏನೋ.

ಈ ನಡುವೆ ಒಂದು ದುಂದಿನ ಪ್ರಯೋಗವನ್ನೂ ಮಾಡಿದೆ. ಕೃತಕ ಉಪ್ಪಿನಲ್ಲಿಯೇ ದೋಷವಿರಬಹುದೆಂದು ಭಾವಿಸಿ, ಮಂಗಳೂರಿನ ಕಡೆ ಮದುವೆಗೆ ಹೋದವನು ನಾಲ್ಕು ಕ್ಯಾನುಗಳಲ್ಲಿ ಕಡಲ ನೀರನ್ನೇ ತುಂಬಿಸಿಕೊಂಡು ಸಂಪಾಜೆ ಘಾಟಿ ಹತ್ತಿಸಿದೆ. ಮಳೆಗಾಲ; ನೇತ್ರಾವತಿ, ಗುರುಪುರ ನದಿಗಳು ತುಂಬಿ ಕಡಲಿಗೆ ಸುರಿಯುತ್ತಿದ್ದ ಸಮಯ. ಮನೆಗೆ ಬಂದು ಅಳೆದರೆ ಉಪ್ಪಿನಂಶ 28ರ ಆಸುಪಾಸು, ನೀರು ಕಲಗಚ್ಚಿನ ಹಾಗೆ. ಕಾರಿನ ಡಿಕ್ಕಿಯಲ್ಲಿ ಒಂದು ಕ್ಯಾನು ಸೋರಿ ಮ್ಯಾಟು ಹಾಳಾಗಿ, ಮನೆಯಾಕೆಯ ಮಾತೂ ಕೇಳಬೇಕಾಯಿತು. ಆ ನೀರನ್ನು ಟ್ಯಾಂಕಿಗೆ ಹಾಕಲಿಲ್ಲ.

ಆಗೆಲ್ಲ ನನ್ನನ್ನು ಹೆಚ್ಚು ಕಂಗೆಡಿಸಿದ್ದು ಇನ್ನೊಂದು ಸಂಗತಿ. ಹವಳಗಳು ಸೊರಗಿದಾಗಲೆಲ್ಲ ನಾನು 20 ಲೀಟರ್ ನೀರು ಬದಲಿಸುತ್ತಿದ್ದೆ. ಬದಲಿಸಿದ ಮರುದಿನವೇ ಅವು ಇನ್ನಷ್ಟು ಮುದುಡುತ್ತಿದ್ದವು. ಉಪಚಾರ ಹೆಚ್ಚಿದಷ್ಟೂ ರೋಗ ಹೆಚ್ಚಿತು. ನೀರು ಬದಲಿಸಿದ ದಿನಗಳನ್ನೂ ಸಾವುಗಳನ್ನೂ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ನೋಡಿದಾಗ, ಎರಡಕ್ಕೂ ನಡುವೆ ಎರಡು ದಿನಕ್ಕಿಂತ ಹೆಚ್ಚಿನ ಅಂತರ ಸಾಮಾನ್ಯವಾಗಿ ಇರಲಿಲ್ಲ. ಸಮಸ್ಯೆ ಟ್ಯಾಂಕಿನೊಳಗೆ ಹುಟ್ಟುತ್ತಿಲ್ಲ, ನಾನೇ ಬಕೆಟ್ಟಿನಲ್ಲಿ ತಂದು ಸುರಿಯುತ್ತಿದ್ದೇನೆ ಎಂದು ಅಂದು ಹೊಳೆಯಿತು.

ದಸರಾ ರಜೆಯಲ್ಲಿ ಮೂರು ಹೊಸ ಬಕೆಟ್ಟುಗಳನ್ನು ಸಾಲಾಗಿ ಇಟ್ಟೆ. ಮೊದಲನೆಯದರಲ್ಲಿ ಟ್ಯಾಂಕಿನ ನೀರು. ಎರಡನೆಯದರಲ್ಲಿ ನಾನು ಎಂದಿನಂತೆ ಬಳಸುತ್ತಿದ್ದ, ಅಡುಗೆಮನೆಯ ಆರ್‌ಓ ಯಂತ್ರದ ನೀರಿನಲ್ಲಿ ಕಲಸಿದ ಹೊಸ ಉಪ್ಪುನೀರು. ಮೂರನೆಯದರಲ್ಲಿ ಅದೇ ಪೊಟ್ಟಣದ ಉಪ್ಪು, ಆದರೆ ಬ್ಯಾಟರಿಗೆ ಹಾಕಲು ಮಾರುವ ಡಿಸ್ಟಿಲ್ಡ್ ನೀರು. ಐದು ಲೀಟರಿಗೆ ಸುಮಾರು 190 ಗ್ರಾಂ ಉಪ್ಪು ಹಿಡಿಯಿತು. ಮೂರಕ್ಕೂ ಗಾಳಿ ಕಲ್ಲು ಬಿಟ್ಟು, ತಲಾ ಒಂದು ಟರ್ಬೊ ಹಾಕಿದೆ. ಬೆಳಿಗ್ಗೆ ಐದೂವರೆಗೆ ಎದ್ದು ಟಾರ್ಚ್ ಹಾಕಿ ನೋಡಿದರೆ, ಮೂರನೆಯ ಬಕೆಟ್ಟಿನ ಹುಳು ನೀರಿನಿಂದ ಮೇಲಕ್ಕೆ, ಬಕೆಟ್ಟಿನ ಅಂಚಿನವರೆಗೂ ಏರಿ ಕುಳಿತಿತ್ತು. ಟ್ಯಾಂಕಿನ ನೀರಿನಲ್ಲಿದ್ದದ್ದು ತಳದಲ್ಲಿ ಮಂಕಾಗಿ ಅಂಟಿಕೊಂಡಿತ್ತು. ಎರಡನೆಯದು ಅಂಗಾತ ಬಿದ್ದು ಪಾದ ಚಾಚಿಕೊಂಡಿತ್ತು. ನಾಲ್ಕು ತಿಂಗಳಿಂದ ನಾನು ನೋಡುತ್ತ ಬಂದ ಅದೇ ಭಂಗಿ.

ಆಯುಧಪೂಜೆಗೆ ಮುನ್ನ ಆರ್‌ಓ ಸರ್ವೀಸಿಗೆ ಬಂದ ಹುಡುಗನನ್ನು ನಿಲ್ಲಿಸಿಕೊಂಡು, ಒಳಗೆ ಏನೇನಿದೆ ಎಂದು ಕೇಳಿದೆ. ಅವನು ಒಂದೊಂದಾಗಿ ತೋರಿಸುತ್ತ ಬಂದು ಕೊನೆಯ ಡಬ್ಬಿಯ ಬಳಿ, "ಇದು ಕಾಪರ್ ಕಾರ್ಟ್ರಿಜ್ ಸರ್, ನೀರಿಗೆ ತಾಮ್ರದ ಗುಣ ಕೊಡುತ್ತದೆ, ಆರೋಗ್ಯಕ್ಕೆ ಬಹಳ ಒಳ್ಳೆಯದು" ಎಂದ. ಪಕ್ಕದಲ್ಲಿದ್ದ ಅಮ್ಮ, "ಅದಕ್ಕೇ ಕಣೋ ಇದನ್ನೇ ತಗೋ ಅಂತ ನಾನು ಹೇಳಿದ್ದು" ಎಂದು ಹೆಮ್ಮೆಯಿಂದ ನುಡಿದರು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಮನುಷ್ಯರಿಗೆ ಅದರಿಂದ ತೊಂದರೆಯೇನಿಲ್ಲ. ಕುಡಿಯುವ ನೀರಿನಲ್ಲಿ ಲೀಟರಿಗೆ 2 ಮಿಲಿಗ್ರಾಂ ತಾಮ್ರದವರೆಗೆ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಒಪ್ಪುತ್ತದೆ. ತೆರೆದ ಕಡಲಿನ ನೀರಿನಲ್ಲಿ ಮಾತ್ರ ತಾಮ್ರ ಲೀಟರಿಗೆ ಒಂದು ಮೈಕ್ರೋಗ್ರಾಂಗಿಂತಲೂ ಕಡಿಮೆ. ಬಸವನಹುಳುವಿನ ರಕ್ತದಲ್ಲಿ ಆಮ್ಲಜನಕ ಹೊರುವುದೇ ತಾಮ್ರವಿರುವ ಹೀಮೋಸಯಾನಿನ್, ಆದರೂ ನೀರಿನಲ್ಲಿ ಕರಗಿದ ತಾಮ್ರ ಅದಕ್ಕೆ ಯಮ. ಹಳ್ಳಿಯ ಕಡೆ ಮೈಲುತುತ್ತ (ತಾಮ್ರದ ಸಲ್ಫೇಟ್) ಕಲಸಿದವರಿಗೆ ಅದರ ಕೊಲ್ಲುವ ಶಕ್ತಿಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೀನುಗಳ ಬಿಳಿಚುಕ್ಕೆ ರೋಗಕ್ಕೆ ನಾವೇ ತಾಮ್ರದ ಔಷಧ ಹಾಕುತ್ತೇವಲ್ಲ; ಅಷ್ಟು ತಾಮ್ರವನ್ನು ಮೀನು ತಾಳಿಕೊಳ್ಳುತ್ತದೆ, ನಮ್ಮ ಕ್ಲೌನ್‌ಗಳು ಸುಖವಾಗಿದ್ದದ್ದು ಅದಕ್ಕೇ.

ನನ್ನ ಬಳಿ ತಾಮ್ರದ ಟೆಸ್ಟ್ ಕಿಟ್ ಇರಲಿಲ್ಲವೆಂದಲ್ಲ. ಜೂನ್‌ನಲ್ಲಿಯೇ ನೋಡಿದ್ದೆ, ಸೊನ್ನೆ ಬಂದಿತ್ತು. ಆದರೆ ಆ ಕಿಟ್ಟಿನಲ್ಲಿ ಸೊನ್ನೆಯ ನಂತರದ ಬಣ್ಣವೇ ಲೀಟರಿಗೆ 0.25 ಮಿಲಿಗ್ರಾಂ, ಅಷ್ಟು ತಾಮ್ರ ಬರುವ ಹೊತ್ತಿಗೆ ಬಸವನಹುಳುಗಳ ಕಥೆ ಎಂದೋ ಮುಗಿದಿರುತ್ತದೆ. ಟಿಡಿಎಸ್ ಮೀಟರಂತೂ ಒಟ್ಟು ಕರಗಿದ್ದನ್ನು ಮಾತ್ರ ಹೇಳುತ್ತದೆ. ಅಡುಗೆಮನೆಯ ನೀರು 60 ತೋರಿಸುತ್ತಿತ್ತು, ಬೋರ್‌ವೆಲ್‌ನ 600ಕ್ಕೆ ಹೋಲಿಸಿ ನಾನು ಸಮಾಧಾನಪಟ್ಟುಕೊಂಡಿದ್ದೆ. ಇದರ ಮೇಲೆ, ಟ್ಯಾಂಕಿನಿಂದ ದಿನಕ್ಕೆ ಮೂರು ಲೀಟರ್ ಆವಿಯಾಗುತ್ತದೆ. ನೀರು ಹೋಗುತ್ತದೆ, ತಾಮ್ರ ಉಳಿಯುತ್ತದೆ, ಅದರ ಮೇಲೆ ಮತ್ತೆ ಮೂರು ಲೀಟರ್ ತಾಮ್ರದ ನೀರು ಬೀಳುತ್ತದೆ. ಆರು ತಿಂಗಳಿಗೆ 540 ಲೀಟರ್, ಅಂದರೆ ಟ್ಯಾಂಕಿನ ಮೂರು ಪಟ್ಟು ನೀರಿನ ತಾಮ್ರವನ್ನು ನಾನೇ ಕೂಡಿಹಾಕಿದ್ದೆ.

ಕುತೂಹಲಕ್ಕೆಂದು ಅಮ್ಮನ ತಾಮ್ರದ ಚೊಂಬಿನಲ್ಲಿ ರಾತ್ರಿಯಿಡೀ ಇದ್ದ ನೀರಿಗೆ, ಸಿಹಿನೀರಿನ ತೊಟ್ಟಿಯ ಮೂರು ಚಿಕ್ಕ ಬಸವನಹುಳುಗಳನ್ನು ಬಿಟ್ಟು ನೋಡಿದೆ. ಮಧ್ಯಾಹ್ನದೊಳಗೆ ಮೂರೂ ಚಿಪ್ಪಿನೊಳಗೆ ಸೇರಿಕೊಂಡವು. ಹಳೆಯ ನೀರಿಗೆ ಹಿಂದಿರುಗಿಸಿದ ಮೇಲೆ ಎರಡು ಚೇತರಿಸಿಕೊಂಡವು, ಒಂದು ಏಳಲಿಲ್ಲ.

ಕಾರಣ ಸಿಕ್ಕಿದ ಮೇಲೆಯೇ ಎಲ್ಲರೂ ಕಲ್ಲು ಎಸೆಯಲು ಹೇಳಿದ್ದು. ಕಲ್ಲು ತಾಮ್ರವನ್ನು ಹೀರಿಕೊಂಡು ವರ್ಷಗಟ್ಟಲೆ ಬಿಡುತ್ತದೆ ಎಂಬುದು ಅವರ ವಾದ. ಅದು ಪೂರ್ತಿ ಸುಳ್ಳೂ ಅಲ್ಲ. ಆದರೆ ಕಲ್ಲಿಗೇ 8000 ರೂಪಾಯಿ ಸುರಿದಿದ್ದ ನನಗೆ ಒಮ್ಮೆ ಪ್ರಯತ್ನಿಸದೆ ಎಸೆಯಲು ಮನಸ್ಸಾಗಲಿಲ್ಲ. ಮೊದಲು ನೀರಿನ ಮೂಲ ಬದಲಿಸಿದೆ: ಡಿಐ ರೆಸಿನ್ (ನೀರಿನಲ್ಲಿ ಉಳಿದ ಲವಣ, ಲೋಹಗಳನ್ನು ಹಿಡಿಯುವ ಹರಳು) ಇರುವ ಪ್ರತ್ಯೇಕ ಆರ್‌ಓ ಘಟಕಕ್ಕೆ ಹತ್ತು ಸಾವಿರದ ಹತ್ತಿರ ಆಯಿತು. ಒಂದು ಮಹಡಿಯ ಮೇಲಿನ ತೊಟ್ಟಿಯ ಒತ್ತಡ ಮೆಂಬ್ರೇನಿಗೆ ಏನೇನೂ ಸಾಲದಾದ್ದರಿಂದ ಬೂಸ್ಟರ್ ಪಂಪಿಗೆ ಇನ್ನೂ ಎರಡೂವರೆ ಸಾವಿರ ಬೇಕಾಯಿತು. ಬೋರ್ ನೀರು ಕೊಟ್ಟರೆ ರೆಸಿನ್ ಎರಡೇ ತಿಂಗಳಿಗೆ ಮುಗಿಯುತ್ತದೆ. ಕಾವೇರಿ ನೀರು ಬರುವ ದಿನ ಹಿಡಿದಿಟ್ಟು ಓಡಿಸಿದರೆ ಆರು ತಿಂಗಳು ಬರುತ್ತದೆ. ಹೊರಹೋಗುವ ನೀರನ್ನು ಪಾತ್ರೆ ತೊಳೆಯಲು ಬಳಸುತ್ತೇವೆ.

ನಂತರ ಐದು ದಿನಕ್ಕೊಮ್ಮೆ ಕಾಲು ಭಾಗದಂತೆ ಎಂಟು ಸಲ ನೀರು ಬದಲಿಸಿದೆ. ಲೆಕ್ಕದ ಪ್ರಕಾರ ಎಂಟನೆಯ ಸಲಕ್ಕೆ ಹಳೆಯ ನೀರಿನ ಹತ್ತನೆಯ ಒಂದು ಭಾಗ ಮಾತ್ರ ಉಳಿಯುತ್ತದೆ. ಉಪ್ಪಿನ ಒಂದು ಬಕೆಟ್ ಹೆಚ್ಚುಕಡಿಮೆ ಇದಕ್ಕೇ ಖರ್ಚಾಯಿತು, ಅದು 9000 ರೂಪಾಯಿಯ ಮಾತು. ಕಲ್ಲು ಬಿಡುವ ತಾಮ್ರವನ್ನು ಹಿಡಿಯಲು ಸಂಪಿನಲ್ಲಿ ಕಾರ್ಬನ್ ಜೊತೆಗೆ ಪಾಲಿ ಫಿಲ್ಟರ್ ಇಟ್ಟೆ. ಬಿಳಿಯ ಆ ಪ್ಯಾಡು ತಾಮ್ರ ಹಿಡಿದರೆ ನೀಲಿಗೆ ತಿರುಗುತ್ತದೆ ಎಂದು ಓದಿದ್ದೆನೇ ಹೊರತು ಕಂಡಿರಲಿಲ್ಲ. ನಾಲ್ಕನೆಯ ದಿನ ಎತ್ತಿ ಹಿಂಡಿ ನೋಡಿದಾಗ, ಕಂದು ಕೊಳೆಯ ಕೆಳಗೆ, ನೀರು ಬಂದು ತಗಲುವ ಅಂಚಿನಲ್ಲಿ ಮೈಲುತುತ್ತದ್ದೇ ತಿಳಿನೀಲಿ. ಎರಡನೆಯ ಪ್ಯಾಡು ಹನ್ನೆರಡು ದಿನಕ್ಕೆ ಮಸುಕಾಗಿ ಬಣ್ಣ ಹಿಡಿಯಿತು. ಮೂರನೆಯದು ತಿಂಗಳಾದರೂ ಕೊಳೆಯ ಬಣ್ಣ ಬಿಟ್ಟು ಬೇರೇನೂ ತೋರಿಸಲಿಲ್ಲ. ಕಲ್ಲುಗಳು ಬೇಗ ತಾಮ್ರ ಬಿಡುವಂತೆ ಮಾಡಲು, ಅವುಗಳನ್ನು ಸರದಿಯ ಮೇಲೆ ಹೊರತೆಗೆದು ಮಾಡಿದ ಒಂದು ಉಪಾಯವಿದೆ. ಇನ್ನೊಂದು ಟ್ಯಾಂಕಿನಲ್ಲಿಯೂ ಮಾಡಿ ನೋಡುವವರೆಗೆ ಅದನ್ನು ಹೇಳುವುದಿಲ್ಲ.

ಮೂರನೆಯ ಸಲ ನೀರು ಬದಲಿಸಿದ ಮೇಲೆ ಝೋವಾಂಥಿಡ್‌ಗಳಲ್ಲಿ ಐದಾರು ಬಾಯಿ ತೆರೆದವು. ಟೋಡ್‌ಸ್ಟೂಲ್ ಹತ್ತು ದಿನ ಮುಚ್ಚಿಕೊಂಡು, ಮೇಣದಂಥ ಪೊರೆ ಕಳಚಿ, ಒಂದು ಮುಂಜಾನೆ ಮೈತುಂಬ ಪಾಲಿಪ್ (ಹವಳದ ಪುಟ್ಟ ಬಾಯಿಗಳು) ಬಿಟ್ಟಿತು. ಆ ಪೊರೆ ಬಿಡುವುದು ಲೆದರ್ ಹವಳದ ಸಹಜ ಗುಣ. ಹಿಂದೆ ಅದನ್ನೇ ರೋಗವೆಂದು ತಿಳಿದು ಅಯೋಡಿನ್‌ನಲ್ಲಿ ಅದ್ದಿದ್ದೆ. ಡಿಸೆಂಬರಿನಲ್ಲಿ ಒಂದೇ ಒಂದು ಟರ್ಬೊ ಬಿಟ್ಟು ಮೂರು ವಾರ ಕಾದೆ. ಅದು ಬೀಳಲಿಲ್ಲ. ಸಂಕ್ರಾಂತಿಯ ನಂತರ ಇನ್ನು ನಾಲ್ಕು ತಂದೆ, ಐದೂ ಇವೆ.

ಅಮ್ಮನ ಆರ್‌ಓ ಯಂತ್ರ ಅಡುಗೆಮನೆಯಲ್ಲಿ ಹಾಗೆಯೇ ಇದೆ, ಅದರ ನಲ್ಲಿಯ ಮೇಲೆ "ಟ್ಯಾಂಕಿಗೆ ಅಲ್ಲ" ಎಂದು ಚೀಟಿ ಅಂಟಿಸಿದ್ದೇನೆ. ಎಡಮೂಲೆಯ ಒಂದು ಗುಂಪು ಝೋವಾಂಥಿಡ್ ಮಾತ್ರ ಇನ್ನೂ ಅರ್ಧವೇ ಅರಳುತ್ತದೆ. ಅಲ್ಲಿ ಪಂಪಿನ ಸೆಳೆತ ಹೆಚ್ಚೆಂದು ತೋರಿ ಹೋದ ವಾರ ಪಂಪನ್ನು ತುಸು ತಿರುಗಿಸಿದ್ದೇನೆ. ಇನ್ನು ಹದಿನೈದು ದಿನ ಅದನ್ನು ಮುಟ್ಟುವುದಿಲ್ಲ.