ಬೀಳಲಿರುವ ಉಪಗ್ರಹವನ್ನು ಮಾಳಿಗೆ ಮೇಲಿಂದ ನೋಡುವುದು ಹೇಗೆ?

ಕೆಟ್ಟುಹೋದ ಉಪಗ್ರಹ ಒಮ್ಮೆಗೇ ಬೀಳುವುದಿಲ್ಲ. ಮೇಲಿನ ತೆಳು ಗಾಳಿ ಉಜ್ಜಿ ಉಜ್ಜಿ ಅದರ ಕಕ್ಷೆ ಕುಗ್ಗುತ್ತಾ ಬರುತ್ತದೆ. ಇಸ್ರೊದ ರಿಸ್ಯಾಟ್-2 ಹೀಗೆ ಇಳಿದಿಳಿದು 2022ರ ಅಕ್ಟೋಬರ್ 30ರಂದು ಜಕಾರ್ತಾ ಬಳಿ ಹಿಂದೂ ಮಹಾಸಾಗರಕ್ಕೆ ಬಿತ್ತು. ಇಂಥವುಗಳ ಕೊನೆಯ ದಿನಗಳನ್ನು ಚಿತ್ರದುರ್ಗದ ಮನೆ ಮಾಳಿಗೆಯಿಂದಲೇ ನೋಡಬಹುದು. ದೂರದರ್ಶಕ ಬೇಡ. ಆದರೆ ಸುಮ್ನೆ ನೋಡಿದರೆ ಸಾಲದು, ಹೊತ್ತು ಬರೆದಿಡಬೇಕು. ಅದೇ ಇಲ್ಲಿ ನಿಜವಾದ ಕೆಲಸ.

ಮೊದಲು ಸೆಲೆಸ್‌ಟ್ರ್ಯಾಕ್ ಜಾಲತಾಣದಲ್ಲಿ ಉಪಗ್ರಹದ ಹೆಸರು ಹುಡುಕಿ. ಎರಡು ಸಾಲು ಅಂಕಿ ಸಿಗುತ್ತವೆ, ಇದಕ್ಕೆ ಟಿಎಲ್‌ಇ ಎನ್ನುತ್ತಾರೆ. ಎರಡನೇ ಸಾಲಿನ 9ರಿಂದ 16ನೇ ಸ್ಥಾನದಲ್ಲಿ ಕಕ್ಷೆಯ ಓರೆ, ಅಂದರೆ ಅದು ಸಮಭಾಜಕಕ್ಕೆ ಎಷ್ಟು ಡಿಗ್ರಿ ಬಾಗಿದೆ ಎಂಬುದು, ಇರುತ್ತದೆ. ಚಿತ್ರದುರ್ಗ, ದಾವಣಗೆರೆ ಎರಡೂ ಸುಮಾರು 14 ಡಿಗ್ರಿ ಉತ್ತರದಲ್ಲಿವೆ. ಓರೆ ಅಷ್ಟಾದರೂ ಇದ್ದರೆ ಮಾತ್ರ ಅದು ನಮ್ಮ ನೆತ್ತಿಗೆ ಬರುತ್ತದೆ. ಅದೇ ಸಾಲಿನ 53ರಿಂದ 63ನೇ ಸ್ಥಾನದಲ್ಲಿರುವುದು ದಿನಕ್ಕೆ ಎಷ್ಟು ಸುತ್ತು ಎಂಬ ಲೆಕ್ಕ. ಅದು 16.25 ದಾಟಿತೆಂದರೆ ಎತ್ತರ 200 ಕಿ.ಮೀ. ಆಸುಪಾಸು. ಇನ್ನು ಜಾಸ್ತಿ ದಿನ ಉಳಿದಿಲ್ಲ.

ಹೆವೆನ್ಸ್ ಅಬೌವ್ ಜಾಲತಾಣದಲ್ಲಿ ನಿಮ್ಮ ಊರು ಹಾಕಿದರೆ ಉಪಗ್ರಹ ಹಾಯುವ ಹೊತ್ತು ಸಿಗುತ್ತದೆ. ಅಷ್ಟು ಕೆಳಗಿರುವ ಉಪಗ್ರಹ ಬೇಗ ಭೂಮಿಯ ನೆರಳಿಗೆ ಹೋಗುತ್ತದೆ. ಹಾಗಾಗಿ ಸೂರ್ಯ ಮುಳುಗಿ ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ, ಇಲ್ಲವೇ ಬೆಳಗಿನ ಜಾವ ಅಷ್ಟೇ ಹೊತ್ತು ಅವಕಾಶ. ಕೋಟೆ ಬೇಡ, ಸಂಜೆ ಬಾಗಿಲು ಹಾಕುತ್ತಾರೆ. ಚಳ್ಳಕೆರೆ ಕಡೆಯ ಬಯಲು, ದಾವಣಗೆರೆಯವರಿಗೆ ಕೊಂಡಜ್ಜಿ ಕೆರೆಯ ಏರಿ ಒಳ್ಳೆಯದು. ಗುಡ್ಡದ ಗಾಳಿಯಂತ್ರಗಳ ಕೆಂಪು ದೀಪ ನೋಡಿ ಏಮಾರಬೇಡಿ.

ಈಗ ಹೊತ್ತು ಹಿಡಿಯುವುದು. ಉಪಗ್ರಹದ ದಾರಿಯಲ್ಲಿ ಬರುವ ಒಂದು ನಕ್ಷತ್ರ ಮೊದಲೇ ಆರಿಸಿಕೊಳ್ಳಿ: ಚಳಿಗಾಲದಲ್ಲಿ ಲುಬ್ಧಕ, ಬೇಸಿಗೆಯಲ್ಲಿ ಚಿತ್ತೆ ಅಥವಾ ಸ್ವಾತಿ. ಮೊಬೈಲಿನಲ್ಲಿ ಧ್ವನಿಮುದ್ರಣ ಶುರು ಮಾಡಿ. ಗಡಿಯಾರದ ನಿಮಿಷ ಬದಲಾದ ಕ್ಷಣಕ್ಕೆ ಸರಿಯಾಗಿ ಆ ಹೊತ್ತನ್ನು ಗಟ್ಟಿಯಾಗಿ ಹೇಳಿ. ಆಮೇಲೆ ಮೊಬೈಲು ಜೇಬಿಗೆ ಹಾಕಿ. ಪರದೆಯ ಬೆಳಕಿಗೆ ಕಣ್ಣು ಕೆಡುತ್ತದೆ. ಉಪಗ್ರಹ ನಕ್ಷತ್ರದ ಪಕ್ಕ ಹಾಯ್ದಾಗ 'ಈಗ' ಎನ್ನಿ. ಬಾಹ್ಯಾಕಾಶ ನಿಲ್ದಾಣ ಐದಾರು ನಿಮಿಷ ಕಾಣುತ್ತದೆ, ಅಲ್ವಾ? ಇದು ಮೂರೇ ನಿಮಿಷಕ್ಕೆ ಆಕಾಶ ದಾಟಿಬಿಡುತ್ತದೆ. ಮನೆಗೆ ಬಂದು ಧ್ವನಿ ಕೇಳಿದರೆ ಸೆಕೆಂಡಿನ ಲೆಕ್ಕ ಸಿಗುತ್ತದೆ.

ಅದು ಮಿನುಗುತ್ತಿದ್ದರೆ ಹಿಡಿತ ತಪ್ಪಿ ಉರುಳುತ್ತಿರಬಹುದು. ಪ್ರತಿ ಮಿಂಚಿಗೂ 'ಹೂಂ' ಎನ್ನಿ. ಹತ್ತು ಮಿಂಚಿನ ನಡುವಿನ ಹೊತ್ತು ತೆಗೆದು ಒಂಬತ್ತರಿಂದ ಭಾಗಿಸಿದರೆ ಮಿಂಚಿಂದ ಮಿಂಚಿಗೆ ಎಷ್ಟು ಸೆಕೆಂಡು ಎಂಬುದು ಗೊತ್ತಾಗುತ್ತದೆ.

ಜಾಲತಾಣ ಹೇಳಿದ ಹೊತ್ತಿಗಿಂತ ಮೊದಲೇ ಬಂತೇ? ಅದು ಅಂದುಕೊಂಡದ್ದಕ್ಕಿಂತ ಬೇಗ ಇಳಿಯುತ್ತಿದೆ ಎಂದರ್ಥ. ಕಕ್ಷೆ ಕುಗ್ಗಿದಷ್ಟೂ ಸುತ್ತು ಬೇಗ ಮುಗಿಯುತ್ತದೆ. ಅದಕ್ಕೇ ಕೊನೆಯ ದಿನಗಳಲ್ಲಿ ಆಯಾ ದಿನದ ಟಿಎಲ್‌ಇಯನ್ನೇ ತೆಗೆದುಕೊಳ್ಳಿ, ಹತ್ತು ನಿಮಿಷ ಮೊದಲೇ ಮಾಳಿಗೆ ಹತ್ತಿ. ಬರಲೇ ಇಲ್ಲವೆಂದರೆ ಮುಂದಿನ ಸುತ್ತಿಗೆ ಕಾಯಬೇಡಿ. ಸುಮಾರು 88 ನಿಮಿಷದಲ್ಲಿ ಭೂಮಿ 22 ಡಿಗ್ರಿ ತಿರುಗಿರುತ್ತದೆ, ಅದರ ದಾರಿ ನಮ್ಮಿಂದ ಬಹುದೂರ ಪಶ್ಚಿಮಕ್ಕೆ ಸರಿದಿರುತ್ತದೆ. ಮೋಡ ಇತ್ತೇ, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ ನೋಡಿದಿರಿ ಎಂಬುದನ್ನು ಬರೆದು, ಮುಂದೆ 'ಕಾಣಲಿಲ್ಲ' ಎಂದು ಸೇರಿಸಿ. ಆಕಾಶ ತಿಳಿಯಾಗಿದ್ದರೆ ಅದೂ ಲೆಕ್ಕಕ್ಕೆ ಬರುವ ದಾಖಲೆಯೇ.