ಕಾರ್ಡಿನ ಫೈಲ್‌ಗಳ ಸಮಯ ಐದೂವರೆ ಗಂಟೆ ಮುಂದೆ: ನನ್ನ ಅನುಭವ

ಯಕ್ಷಗಾನ ರೆಕಾರ್ಡ್ ಮಾಡುವವರಿಗೆ ಫೈಲಿನ ಸಮಯ ತುಂಬಾ ಮುಖ್ಯ. ಇಡೀ ರಾತ್ರಿಯ ಆಟ, ರೆಕಾರ್ಡರ್ ಮಾತ್ರ ಒಂದೊಂದು ಫೈಲಿಗೂ ಸುಮ್ನೆ ಒಂದು ನಂಬರ್ ಕೊಟ್ಟು ಬಿಡುತ್ತದೆ. ಒಡ್ಡೋಲಗ ಎಷ್ಟು ಹೊತ್ತಿಗೆ ಶುರುವಾಯಿತು, ಭಾಗವತರು ಯಾವಾಗ ಬದಲಾದರು ಅಂತ ನಾನು ಪುಸ್ತಕದಲ್ಲಿ ಬರೆದಿಡುತ್ತೇನೆ. ಆಮೇಲೆ ಫೈಲಿನ ಸಮಯದ ಜೊತೆ ತಾಳೆ ನೋಡುತ್ತೇನೆ. ನನ್ನ ರೆಕಾರ್ಡರ್ ಫೈಲ್ ಮುಚ್ಚಿದ ಹೊತ್ತನ್ನು ದಾಖಲಿಸುತ್ತದೆ.

ಹೊಸ ಲ್ಯಾಪ್‌ಟಾಪಿಗೆ ಡೆಬಿಯನ್ (ಒಂದು ಬಗೆಯ ಲಿನಕ್ಸ್) ಹಾಕಿದ ಮೇಲೆ ಈ ತಾಳೆ ತಪ್ಪಿತು. ರಾತ್ರಿ 10:14ಕ್ಕೆ ಮುಗಿದ ಫೈಲ್ ಮರುದಿನ ಬೆಳಗಿನ ಜಾವ 3:44 ಅಂತ ತೋರಿಸುತ್ತಿತ್ತು. ತಾರೀಖೇ ಬದಲಾಗಿಬಿಟ್ಟಿತ್ತು! ಅದೇ ಮೆಮೊರಿ ಕಾರ್ಡನ್ನು ಹಳೆ ಲ್ಯಾಪ್‌ಟಾಪಿಗೆ ಹಾಕಿದರೆ ಸರಿಯಾಗಿ 10:14. ಅದರಲ್ಲೂ ಡೆಬಿಯನ್ನೇ ಇದೆ, ಪಕ್ಕದಲ್ಲಿ ವಿಂಡೋಸ್ ಕೂಡ ಇದೆ.

ಮೊದಲು ರೆಕಾರ್ಡರಿನ ಗಡಿಯಾರ ನೋಡಿದೆ. ಅದು ಸರಿ ಇತ್ತು. ಹೊಸ ಲ್ಯಾಪ್‌ಟಾಪಿನಲ್ಲಿ ಟರ್ಮಿನಲ್ ತೆಗೆದು ಆ ಫೈಲಿನ ಮೇಲೆ, ಸಮಯದ ವಿವರ ತೋರಿಸುವ ಸ್ಟ್ಯಾಟ್ ಕಮಾಂಡ್ ಓಡಿಸಿದೆ. ಮಾಡಿಫೈ ಅನ್ನುವ ಸಾಲಿನಲ್ಲಿ 03:44:38, ಅದರ ಮುಂದೆ ಬರೀ ಸೊನ್ನೆಗಳು, ಕೊನೆಯಲ್ಲಿ +0530. ಇಷ್ಟು ಸಾಕು, ದಾರಿ ಸಿಕ್ಕಿತು. ಗಡಿಯಾರ ಕೆಟ್ಟಿದ್ದರೆ ವ್ಯತ್ಯಾಸ ಏಳು ನಿಮಿಷವೋ ಇಪ್ಪತ್ತು ನಿಮಿಷವೋ ಬರುತ್ತಿತ್ತು. ಇಲ್ಲಿ ಸರಿಯಾಗಿ ಐದೂವರೆ ಗಂಟೆ, ಅಂದರೆ ಭಾರತದ ಸಮಯಕ್ಕೂ ಯುಟಿಸಿಗೂ (ಜಗತ್ತಿಗೆಲ್ಲ ಒಂದೇ ಆದ ಮೂಲ ಸಮಯ) ಇರುವ ಅಂತರವೇ. ಸೆಕೆಂಡುಗಳು ಬೇರೆ ಯಾವ ಫೈಲಿನಲ್ಲಿ ನೋಡಿದರೂ ಸಮ ಸಂಖ್ಯೆ. ಇದು ಫ್ಯಾಟ್ ಫೈಲ್ ಸಿಸ್ಟಮ್‌ನ (ಕಾರ್ಡಿನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ಒಂದು ಪದ್ಧತಿ) ಗುರುತು.

ನನ್ನ 32 ಜಿಬಿ ಕಾರ್ಡ್ ಫ್ಯಾಟ್32. ಇದರಲ್ಲಿ ಸಮಯಕ್ಕೆ 16 ಬಿಟ್, ತಾರೀಖಿಗೆ 16 ಬಿಟ್ ಜಾಗ ಅಷ್ಟೇ. ವರ್ಷದ ಲೆಕ್ಕ 1980ರಿಂದ ಶುರು. ಸೆಕೆಂಡಿಗೆ ಸಿಗೋದು ಐದೇ ಬಿಟ್, ಹಾಗಾಗಿ ಎರಡೆರಡು ಸೆಕೆಂಡಿಗೆ ಒಂದು ಹೆಜ್ಜೆ. ಯಾವ ಊರಿನ ಸಮಯ ಅಂತ ಬರೆಯೋಕೆ ಜಾಗವೇ ಇಲ್ಲ. ಕಾರ್ಡಿನಲ್ಲಿ 22:14 ಅಂತ ಇದ್ದರೆ ಅದು ಎಲ್ಲಿಯ 22:14 ಅನ್ನೋದನ್ನು ಓದುವ ಕರ್ನಲ್ಲೇ (ಲಿನಕ್ಸಿನ ಒಳತಿರುಳು) ಊಹಿಸಬೇಕು.

ಈ ಊಹೆಗೆ ಕರ್ನಲ್ ತನ್ನದೇ ಒಂದು ಟೈಮ್‌ಜೋನ್ ಲೆಕ್ಕ ಇಟ್ಟುಕೊಂಡಿದೆ. ಡೆಸ್ಕ್‌ಟಾಪ್ ಗಡಿಯಾರಕ್ಕೆ ನಾವು ಏಷ್ಯಾ/ಕೋಲ್ಕತಾ ಅಂತ ಕೊಡುತ್ತೇವಲ್ಲ, ಅದು ಬೇರೆ, ಇದು ಬೇರೆ. ಮದರ್‌ಬೋರ್ಡಿನ ಬ್ಯಾಟರಿ ಗಡಿಯಾರ ಯುಟಿಸಿಯಲ್ಲಿದ್ದರೆ ಬೂಟ್ ಆಗುವಾಗ ಸಿಸ್ಟಮ್‌ಡಿ (ಬೇರೆಲ್ಲವನ್ನೂ ಶುರು ಮಾಡುವ ಪ್ರೋಗ್ರಾಂ) ಕರ್ನಲ್ಲಿನ ಈ ಲೆಕ್ಕವನ್ನು ಸೊನ್ನೆಗೆ ಬಿಡುತ್ತದೆ. ಆಗ ಕಾರ್ಡಿನ 22:14ನ್ನು ಯುಟಿಸಿ ಅಂದುಕೊಂಡು, ಮೇಲೆ ಐದೂವರೆ ಗಂಟೆ ಕೂಡಿಸಿ ನಮಗೆ ತೋರಿಸುತ್ತದೆ. ಹಳೆ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಇರೋದರಿಂದ ಬ್ಯಾಟರಿ ಗಡಿಯಾರ ಸ್ಥಳೀಯ ಸಮಯದಲ್ಲಿತ್ತು. ಟೈಮ್‌ಡೇಟ್‌ಸಿಟಿಎಲ್ ಕಮಾಂಡ್ ಓಡಿಸಿದರೆ ಆರ್‌ಟಿಸಿ (ಅಂದರೆ ಈ ಬ್ಯಾಟರಿ ಗಡಿಯಾರ) ಲೋಕಲ್ ಅನ್ನುವ ಸಾಲಿಗೆ ಯೆಸ್ ಅಂತ ಬಂತು. ಅಲ್ಲಿ ಕರ್ನಲ್ಲಿಗೂ ಭಾರತದ ಅಂತರ ಗೊತ್ತಿತ್ತು.

ಹಾಗಾದರೆ ಹೊಸದರಲ್ಲೂ ಬ್ಯಾಟರಿ ಗಡಿಯಾರವನ್ನು ಸ್ಥಳೀಯ ಸಮಯಕ್ಕೆ ಇಟ್ಟರೆ ಆಯ್ತಲ್ವಾ ಅನ್ನಿಸಬಹುದು. ನನಗೆ ಅದು ಒಪ್ಪಿಗೆಯಿಲ್ಲ. ಒಂದು ಕಾರ್ಡಿಗೋಸ್ಕರ ಇಡೀ ಯಂತ್ರದ ಗಡಿಯಾರ ಬದಲಿಸೋದು ಬೇಡ. ಟೈಮ್‌ಡೇಟ್‌ಸಿಟಿಎಲ್ ಕಮಾಂಡೇ ಹಾಗೆ ಇಡಬೇಡಿ ಅಂತ ಎಚ್ಚರಿಕೆ ಕೊಡುತ್ತದೆ.

ಸರಿ ಮಾಡಬೇಕಾದ ಜಾಗ ಮೌಂಟ್, ಅಂದರೆ ಕಾರ್ಡನ್ನು ಸಿಸ್ಟಮ್ಮಿಗೆ ಜೋಡಿಸುವ ಹಂತ. ಕಾರ್ಡ್ ಹಾಕಿದ ಕೂಡಲೇ ಡೆಸ್ಕ್‌ಟಾಪ್ ತಾನಾಗಿ ಮೌಂಟ್ ಮಾಡಿರುತ್ತದೆ, ಅದನ್ನು ಅನ್‌ಮೌಂಟ್ ಮಾಡಿದೆ. ಮತ್ತೆ ಸುಡೋ (ಅಡ್ಮಿನ್ ಅಧಿಕಾರ ಕೊಡುವ ಕಮಾಂಡ್) ಜೊತೆ ಕೈಯಾರೆ ಮೌಂಟ್ ಮಾಡುವಾಗ ಟೈಮ್ ಆಫ್‌ಸೆಟ್ ಅನ್ನುವ ಆಪ್ಷನ್‌ಗೆ 330 ಕೊಟ್ಟೆ. ಎರಡು ಪದಗಳ ನಡುವೆ ಅಂಡರ್‌ಸ್ಕೋರ್ ಇರಬೇಕು. 330 ಅಂದರೆ ನಿಮಿಷಗಳು. ಯುಟಿಸಿ ತಿಳಿಯಲು ಕಾರ್ಡಿನ ಸಮಯದಿಂದ ಅಷ್ಟನ್ನು ಕಳೆಯಬೇಕು ಅಂತ ಅರ್ಥ, ಹಾಗಾಗಿ ಮೈನಸ್ ಹಾಕಬಾರದು. ಮೂಲ ರೆಕಾರ್ಡಿಂಗ್ ಆದ್ದರಿಂದ ರೀಡ್ ಓನ್ಲಿ ಕೂಡ ಸೇರಿಸಿದೆ. ಸ್ಟ್ಯಾಟ್ ಮತ್ತೆ ನೋಡಿದರೆ 22:14:38. ಪುಸ್ತಕದ ಜೊತೆ ತಾಳೆಯಾಯಿತು.

ಇದನ್ನು ಮೌಂಟ್ ಆಪ್ಷನ್‌ಗಳಿರುವ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ಕಾರ್ಡಿನ ಯುಯುಐಡಿ (ಗುರುತಿನ ಸಂಖ್ಯೆ) ಕೊಟ್ಟು ಬರೆದಿಡಬಹುದು. ಆದರೆ ರೆಕಾರ್ಡರಿನಲ್ಲಿ ಕಾರ್ಡ್ ಫಾರ್ಮ್ಯಾಟ್ ಮಾಡಿದರೆ ಯುಯುಐಡಿ ಬದಲಾಗಬಹುದು, ಆಗ ಆ ಸಾಲು ಉಪಯೋಗಕ್ಕೆ ಬರೋದಿಲ್ಲ. ಅದಕ್ಕೇ ನಾನು ಈ ಕಮಾಂಡ್‌ಗಳನ್ನು ಓಡಿಸುವ ಚಿಕ್ಕ ಶೆಲ್ ಸ್ಕ್ರಿಪ್ಟ್ ಬರೆದುಕೊಂಡಿದ್ದೇನೆ.

ತಪ್ಪು ಸಮಯದಲ್ಲೇ ಹಾರ್ಡ್ ಡಿಸ್ಕಿಗೆ ಬಂದಿದ್ದ ಫೈಲ್‌ಗಳಿಗೆ ಟಚ್ ಕಮಾಂಡ್ ಸಾಕಾಯಿತು. ಮೈನಸ್ ಆರ್ ಆಪ್ಷನ್‌ಗೆ ಅದೇ ಫೈಲಿನ ಹೆಸರು, ಮೈನಸ್ ಡಿ ಆಪ್ಷನ್‌ಗೆ ಮೈನಸ್ 330 ಮಿನಿಟ್ಸ್ ಕೊಟ್ಟರೆ ಅಷ್ಟು ಹಿಂದಕ್ಕೆ ಹೋಗುತ್ತದೆ. ಎರಡು ಸಲ ಓಡಿಸಿದರೆ ಎರಡು ಸಲ ಹಿಂದಕ್ಕೆ ಹೋಗುತ್ತದೆ, ಅದಕ್ಕೆ ಮೊದಲು ಒಂದು ನಕಲಿನ ಮೇಲೆ ನೋಡಿಕೊಳ್ಳಿ.

ಮೇಳದವರಿಗೆ ಪೆನ್ ಡ್ರೈವಿನಲ್ಲಿ ಕೊಡುವಾಗಲೂ 330 ಹಾಕಿಯೇ ಮೌಂಟ್ ಮಾಡುತ್ತೇನೆ. ಇಲ್ಲದಿದ್ದರೆ ಅವರ ವಿಂಡೋಸಿನಲ್ಲಿ ರಾತ್ರಿ 10:14ರ ಫೈಲ್ ಸಂಜೆ 4:44 ಅಂತ ಕಾಣುತ್ತದೆ. ಬದಲಾದ ಫೈಲ್‌ಗಳನ್ನಷ್ಟೇ ಕಾಪಿ ಮಾಡುವ ಆರ್‌ಸಿಂಕ್ ಬಳಸುವುದಾದರೆ ಮಾಡಿಫೈ ವಿಂಡೋ ಅನ್ನುವ ಆಪ್ಷನ್‌ಗೆ 1 ಕೊಡಿ. ಫ್ಯಾಟ್‌ನಲ್ಲಿ ಬೆಸ ಸೆಕೆಂಡು ಉಳಿಯೋದಿಲ್ಲವಲ್ಲ, 1 ಕೊಡದಿದ್ದರೆ ಆ ಒಂದು ಸೆಕೆಂಡಿನ ವ್ಯತ್ಯಾಸಕ್ಕೆ ಬದಲಾಗದ ಫೈಲ್‌ಗಳನ್ನೂ ಆರ್‌ಸಿಂಕ್ ಮತ್ತೆ ಕಾಪಿ ಮಾಡೋಕೆ ಹೊರಡುತ್ತದೆ.