ದಿಲ್ಲಿಯಿಂದ ಹೊರಟ ಎಚ್ಚರಿಕೆ ಮುಂಬಯಿಯ ನಮ್ಮ ಚಾಳಿಗೆ ಮುಟ್ಟಬೇಕಾದರೆ

2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿ.ಮೀ. ಮಳೆ ಸುರಿಯಿತು. ಅದೇ ದಿನ ಕೊಲಾಬಾದಲ್ಲಿ 100 ಮಿ.ಮೀ. ಕೂಡ ಆಗಲಿಲ್ಲ. ಕೊಲಾಬಾದ ಪಕ್ಕದ ಫೋರ್ಟ್‌ನ ಕಚೇರಿಯಲ್ಲಿದ್ದ ನನಗೆ ಕುರ್ಲಾದ ಚಾಳಿನ (ಸಾಲು ಕೋಣೆಗಳ ವಠಾರದ) ನಮ್ಮ ಖೋಲಿಯೊಳಗೆ ನೀರು ಎದೆಮಟ್ಟಕ್ಕೆ ಬಂದದ್ದು ತಿಳಿದದ್ದು, ಮರುದಿನ ರೈಲು ಹಳಿ ಹಿಡಿದು ನಡೆದು ಮನೆ ಸೇರಿದಾಗಲೇ. ಒಂದೇ ಊರು, ಎರಡು ಆಕಾಶ. ಊರಿಗೆಲ್ಲ ಹೇಳಿದ ಎಚ್ಚರಿಕೆಯನ್ನು ನಮ್ಮ ಗಲ್ಲಿಯ ಮಾತಾಗಿ ಬದಲಿಸುವವರು ಯಾರಾದರೂ ಬೇಕು ಎಂದು ಅಂದಿನಿಂದಲೂ ನಾನು ನಂಬಿದ್ದೇನೆ.

ಸರ್ಕಾರದ ಮೇಲಿನ ಹಂತಗಳಲ್ಲಿ ವ್ಯವಸ್ಥೆ ಇದೆ. ಸುನಾಮಿಯ ಮರುವರ್ಷ, 2005ರ ಡಿಸೆಂಬರ್‌ನಲ್ಲಿ, ವಿಪತ್ತು ನಿರ್ವಹಣಾ ಕಾಯ್ದೆ ಬಂತು. ಅದರಂತೆ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಪ್ರಧಾನಿ, ರಾಜ್ಯದ್ದಕ್ಕೆ ಮುಖ್ಯಮಂತ್ರಿ, ಜಿಲ್ಲೆಯದ್ದಕ್ಕೆ ಜಿಲ್ಲಾಧಿಕಾರಿ ಅಧ್ಯಕ್ಷರು. ಕೇಂದ್ರದ ಪ್ರತಿ ಇಲಾಖೆಯೂ ತನ್ನ ಯೋಜನೆ ಮಾಡಿಟ್ಟುಕೊಳ್ಳಬೇಕು. 2013ರಲ್ಲಿ ಸರ್ಕಾರ, ಸ್ವಯಂಸೇವಾ ಸಂಸ್ಥೆ, ಮಾಧ್ಯಮಗಳನ್ನೆಲ್ಲ ಒಟ್ಟಿಗೆ ಕೂರಿಸುವ ರಾಷ್ಟ್ರೀಯ ವೇದಿಕೆಯೂ ಆಯಿತು. 2025ರ ತಿದ್ದುಪಡಿಯಂತೆ ಮಹಾನಗರ ಪಾಲಿಕೆಯಿರುವ ಊರುಗಳಿಗೆ ಪ್ರತ್ಯೇಕ ನಗರ ಪ್ರಾಧಿಕಾರ ಮಾಡುವ ಅವಕಾಶ ರಾಜ್ಯ ಸರ್ಕಾರಕ್ಕೆ ಸಿಕ್ಕಿದೆ. ಈ ಸರಪಳಿಯ ಕೊನೆಯ ಕೊಂಡಿ ಮಾತ್ರ ಕಾಗದದಲ್ಲಿ ಸಿಗುವುದಿಲ್ಲ. ಅದನ್ನು ನಾವೇ ಜೋಡಿಸಬೇಕು.

ಮೊದಲು ನಿಮ್ಮ ವಾರ್ಡ್ ಯಾವುದೆಂದು ತಿಳಿಯಿರಿ. ಕುರ್ಲಾ ಎಲ್ ವಾರ್ಡ್, ಮಾಟುಂಗಾದ ಪೂರ್ವ ಭಾಗ ಎಫ್ ಉತ್ತರ. ವಸತಿ ಸೊಸೈಟಿಯಿಂದಲೋ ಚಾಳಿನಿಂದಲೋ ಇಬ್ಬರು ವಾರ್ಡ್ ಕಚೇರಿಗೆ ಹೋಗಿ, ನೀರು ನಿಲ್ಲುವ ಜಾಗ ಯಾವುವು, ಪಂಪು ಎಲ್ಲಿಡುತ್ತಾರೆ, ಆಶ್ರಯಕ್ಕೆ ಯಾವ ಶಾಲೆ ತೆರೆಯುತ್ತಾರೆ ಎಂದು ಕೇಳಿ ಬರೆದುಕೊಂಡು ಬನ್ನಿ. ಮುಂಬಯಿ ಪಾಲಿಕೆಯ ವಿಪತ್ತು ಸಹಾಯವಾಣಿ 1916. ಡೊಂಬಿವಲಿ, ಠಾಣೆಯವರಿಗೆ ಪಾಲಿಕೆಯೇ ಬೇರೆ, ಹಾಗಾಗಿ ಅಲ್ಲಿಯ ನಂಬರ್ ಪ್ರತ್ಯೇಕವಾಗಿ ಕೇಳಿಟ್ಟುಕೊಳ್ಳಿ. ತುರ್ತು ಸಂಖ್ಯೆ 112 ಎಲ್ಲರಿಗೂ ಒಂದೇ.

ಎರಡನೆಯದು ಪಟ್ಟಿ. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ದೊಡ್ಡ ಕೆಲಸ. ನೆಲಮಹಡಿಯಲ್ಲಿ ಯಾರಿದ್ದಾರೆ, ಹಾಸಿಗೆ ಹಿಡಿದವರು ಯಾರು, ಡಯಾಲಿಸಿಸ್‌ಗೆ ಹೋಗುವವರು ಯಾರು, ಬಾಣಂತಿ ಯಾರ ಮನೆಯಲ್ಲಿ, ನೀರು ಬಂದರೆ ಅವರನ್ನು ಯಾವ ಮಾಳಿಗೆಯ ಯಾರ ಮನೆಗೆ ಕರೆದೊಯ್ಯಬೇಕು. ಪ್ರತಿ ಹೆಸರಿನ ಎದುರು ಹೊಣೆ ಹೊತ್ತ ಒಬ್ಬರ ಹೆಸರು ಇರಲಿ. ಮೀಟರ್ ಪೆಟ್ಟಿಗೆಯ ಮೇನ್ ಸ್ವಿಚ್ ಆಫ್ ಮಾಡುವವರು ಯಾರು ಎಂಬುದನ್ನೂ ಬರೆಯಿರಿ. ನೀರಿನಲ್ಲಿ ಕರೆಂಟು ಹರಿದರೆ ಈಜು ಬಲ್ಲವನೂ ಉಳಿಯುವುದಿಲ್ಲ.

ನಮ್ಮ ಕನ್ನಡಿಗರ ಹೋಟೆಲುಗಳ ಹುಡುಗರನ್ನು ಈ ಪಟ್ಟಿಯಲ್ಲಿ ದಯವಿಟ್ಟು ಮರೆಯಬೇಡಿ. ಉಡುಪಿ, ಕುಂದಾಪುರ ಕಡೆಯಿಂದ ಬಂದು ಹೋಟೆಲಿನ ಅಟ್ಟದಲ್ಲೇ ಮಲಗುವವರು ಅವರು. ಯಾವ ಸೊಸೈಟಿಯ ವಾಟ್ಸ್ಆ್ಯಪ್ ಗುಂಪಿನಲ್ಲೂ ಅವರಿಲ್ಲ, ಎಷ್ಟೋ ಜನರಿಗೆ ಮರಾಠಿ ಸೂಚನೆ ಓದಲು ಬರುವುದಿಲ್ಲ. ಮಾಲಕರು ಸಿಲಿಂಡರುಗಳನ್ನು ಎಲ್ಲಿಗೆ ಏರಿಸಬೇಕು, ಹುಡುಗರು ರಾತ್ರಿ ಎಲ್ಲಿಗೆ ಹೋಗಬೇಕು ಎಂದು ಮೊದಲೇ ಹೇಳಿಟ್ಟಿರಬೇಕು. ಕನ್ನಡ ಸಂಘಗಳ ಸಭಾಗೃಹಗಳು ಇಂಥ ರಾತ್ರಿಗಳಿಗೆ ಬಾಗಿಲು ತೆರೆಯುವುದಾಗಿ ವಾರ್ಡ್ ಕಚೇರಿಗೆ ಬರೆದು ಕೊಟ್ಟರೆ ಎಷ್ಟು ಉಪಕಾರ!

ಇನ್ನು ಎಚ್ಚರಿಕೆ. ರಾಷ್ಟ್ರೀಯ ಪ್ರಾಧಿಕಾರದ ಸಚೇತ್ ಆ್ಯಪ್ ನೀವಿರುವ ಪ್ರದೇಶದ ಸೂಚನೆಯನ್ನು ಮೊಬೈಲಿಗೇ ಕಳಿಸುತ್ತದೆ. ಹವಾಮಾನ ಇಲಾಖೆಯ ಹಳದಿ ಎಂದರೆ ಗಮನವಿಡಿ, ಕಿತ್ತಳೆ ಎಂದರೆ ಸಜ್ಜಾಗಿ, ಕೆಂಪು ಎಂದರೆ ಕ್ರಮ ಕೈಗೊಳ್ಳಿ. ದಿನಕ್ಕೆ 204.4 ಮಿ.ಮೀ. ದಾಟಿದರೆ ಅತ್ಯಂತ ಭಾರಿ ಮಳೆ. ಇದರ ಜೊತೆ ಸಮುದ್ರದ ಉಬ್ಬರದ ಹೊತ್ತನ್ನು ತಪ್ಪದೆ ನೋಡಿ. 4.5 ಮೀಟರಿಗಿಂತ ಎತ್ತರದ ಉಬ್ಬರದ ದಿನಗಳನ್ನು ಪಾಲಿಕೆ ಮಳೆಗಾಲಕ್ಕೆ ಮೊದಲೇ ಪ್ರಕಟಿಸುತ್ತದೆ. ಆ ಹೊತ್ತಿನಲ್ಲಿ ಮೋರಿಯ ನೀರು ಕಡಲಿಗೆ ಇಳಿಯುವುದಿಲ್ಲ, ಸಾಧಾರಣ ಮಳೆಯೂ ಗಲ್ಲಿಯಲ್ಲೇ ನಿಲ್ಲುತ್ತದೆ. ಆ ತಾರೀಕುಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಜಿನೆಯ (ಮೆಟ್ಟಿಲಿನ) ಬಳಿ ತೂಗುಹಾಕಿ. ಸೂಚನೆಯನ್ನು ಕನ್ನಡದಲ್ಲೂ ತುಳುವಿನಲ್ಲೂ ದನಿ ಸಂದೇಶ ಮಾಡಿ ಕಳಿಸಲು ಒಬ್ಬರನ್ನು ನೇಮಿಸಿ.

ಗಟ್ಟಿಮುಟ್ಟಾದ ಯುವಕ ಯುವತಿಯರಿದ್ದರೆ ವಿಪತ್ತಿನಲ್ಲಿ ನೆರವಾಗುವ ಸ್ವಯಂಸೇವಕರಿಗೆ ಕೊಡುವ ಆಪದಾ ಮಿತ್ರ ತರಬೇತಿಯ ಬಗ್ಗೆ ವಾರ್ಡಿನಲ್ಲಿ ವಿಚಾರಿಸಿ. ಮೊಣಕಾಲುದ್ದ ನೀರಿನಲ್ಲಿ ನಡೆದು ಬಂದವರೆಲ್ಲ 72 ಗಂಟೆಯೊಳಗೆ ಡಾಕ್ಟರನ್ನು ಕಾಣಬೇಕು. ಇಲಿಜ್ವರ ತಡೆಯುವ ಮಾತ್ರೆ ಬೇಕೇ ಎಂದು ಅವರೇ ಹೇಳಲಿ.

ಕೊನೆಗೆ ತಾಲೀಮು. ಮುಂಬಯಿಗೆ ಮುಂಗಾರು ಸಾಮಾನ್ಯವಾಗಿ ಜೂನ್ 11ರ ಸುಮಾರಿಗೆ ಬರುತ್ತದೆ. ಮೇ ತಿಂಗಳಲ್ಲಿ ನಮ್ಮವರ ಅರ್ಧ ಮನೆಗಳಿಗೆ ಬೀಗ, ಎಲ್ಲರೂ ಊರಿನಲ್ಲಿ. ಆದ್ದರಿಂದ ಪಟ್ಟಿಯನ್ನು ಏಪ್ರಿಲ್‌ನಲ್ಲೇ ಮಾಡಿ, ಜೂನ್ ಮೊದಲ ಭಾನುವಾರ ಒಂದು ಸಲ ಎಲ್ಲರೂ ಮೇಲಿನ ಮಾಳಿಗೆಗೆ ಹತ್ತಿ ನೋಡಿ. ನೆಲಮಹಡಿಯ ಅಜ್ಜಿಯನ್ನು ಕುರ್ಚಿಯ ಸಮೇತ ಎತ್ತಿಕೊಂಡು ಹೋಗಲು ಎಷ್ಟು ಜನ ಬೇಕು, ಆ ಕುರ್ಚಿ ಜಿನೆಯ ತಿರುವಿನಲ್ಲಿ ಹಿಡಿಸುತ್ತದೆಯೇ ಎಂಬುದು ಅಂದೇ ಗೊತ್ತಾಗಲಿ.